ಹಟ್ಟಿ-ಮಸ್ಕಿ ಸೀಮೆಯ ಗುಡ್ಡಗಳೂ ಅವನ್ನು ಏರಬಲ್ಲವರ ವಿದ್ಯೆಯೂ

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ಎಡೆದೊರೆನಾಡು ಇತಿಹಾಸಜ್ಞರಿಗೆ ರಣಭೂಮಿಯೆಂದೇ ಪರಿಚಿತವಾದುದು. ಚಾಲುಕ್ಯರೂ ಚೋಳರೂ, ಆ ಬಳಿಕ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ ಈ ಫಲವತ್ತಾದ ನೆಲಕ್ಕಾಗಿ ತಲೆತಲಾಂತರದಿಂದ ಕಾದಾಡಿದರೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ಇದೇ ನಾಡಿನಲ್ಲಿ ಕತ್ತಿಯನ್ನು ಹಿಡಿಯದೆ, ಸಿಂಹಾಸನವನ್ನು ಬಯಸದೆ, ಬರಿಯ ಕೈಕಾಲುಗಳಿಂದಲೇ ನಡೆದ ಇನ್ನೊಂದು ಇತಿಹಾಸವುಂಟು. ಅದು ಬಂಡೆಯನ್ನೇರುವ ವಿದ್ಯೆಯ ಮತ್ತು ಗುಡ್ಡಗಾಡಿನಲ್ಲಿ ದಾರಿ ತಪ್ಪದಿರುವ ವಿದ್ಯೆಯ ಇತಿಹಾಸ. ಈ ವಿದ್ಯೆಗಳನ್ನು ಕುರಿತು ಯಾವ ಪಂಡಿತನೂ ಗ್ರಂಥವನ್ನು ರಚಿಸಲಿಲ್ಲ. ಆದರೂ ಗ್ರಂಥಗಳಲ್ಲಿ ಇಂದು ಓದಲ್ಪಡುತ್ತಿರುವ ಎಷ್ಟೋ ಸಂಗತಿಗಳು ಈ ವಿದ್ಯೆಗಳ ಫಲವೇ ಆಗಿವೆ. ಇದಕ್ಕೆ ಮಸ್ಕಿಯ ಅಶೋಕಶಾಸನಕ್ಕಿಂತ ಉತ್ತಮವಾದ ನಿದರ್ಶನವು ಬೇರೆ ಬೇಕಿಲ್ಲ.

ಮೊದಲು ಈ ಸೀಮೆಯ ನೆಲದ ಸ್ವರೂಪವನ್ನು ತಿಳಿಯುವುದು ಅವಶ್ಯ. ರಾಯಚೂರು ಜಿಲ್ಲೆಯ ಹಟ್ಟಿ, ಲಿಂಗಸುಗೂರು, ಮಸ್ಕಿ, ಸಿಂಧನೂರುಗಳ ಸುತ್ತ ಸಂಚರಿಸುವವನಿಗೆ ಎರಡು ಬಗೆಯ ಭೂಮಿಯು ಕಾಣಬರುವುದು. ಒಂದು, ಕಪ್ಪು ಹಸುರು ಛಾಯೆಯ ಪದರಗಲ್ಲಿನ ತಗ್ಗುನೆಲ. ಭೂಗರ್ಭಶಾಸ್ತ್ರಜ್ಞರು ಇದನ್ನು ಧಾರವಾಡ ಶಿಲಾಸಮೂಹಕ್ಕೆ ಸೇರಿಸುತ್ತಾರೆ. ಚಿನ್ನವಿರುವುದು ಇದರೊಳಗಣ ಬೆಣಚುಗಲ್ಲಿನ ಎಳೆಗಳಲ್ಲಿ. ಇನ್ನೊಂದು, ಅದರ ಎರಡು ಮಗ್ಗುಲಿಗೂ ಎದ್ದು ನಿಂತ ಕಣಶಿಲೆಯ ಗುಡ್ಡಗಳ ಸಾಲು. ಗುಂಡಿನ ಮೇಲೆ ಗುಂಡು ಪೇರಿಸಿದಂತೆ ತೋರುವ ಈ ಗುಡ್ಡಗಳನ್ನು ಯಾರೂ ಪೇರಿಸಿದುದಲ್ಲ. ನೆಲದೊಳಗಿದ್ದಾಗಲೇ ಈ ಬಂಡೆಗಳು ಅಡ್ಡ ಉದ್ದ ಬಿರುಕುಗೊಂಡು, ಆ ಬಿರುಕುಗಳಲ್ಲಿ ನೀರಿಳಿದು, ಮೂಲೆಗಳು ಮೊದಲು ಸವೆದು ದುಂಡಾದುವು. ಅನಂತರ ಮೇಲಣ ಮಣ್ಣು ಕೊಚ್ಚಿಹೋಗಲು ಗುಂಡುಗಳು ಮಾತ್ರ ಉಳಿದುವು. ಬಿಸಿಲು ತಂಪುಗಳ ಪೆಟ್ಟಿಗೆ ಅವುಗಳ ಮೈಯಿಂದ ಈರುಳ್ಳಿಯ ಸಿಪ್ಪೆಯಂತೆ ಚಕ್ಕೆಗಳು ಏಳುವುದನ್ನು ಇಂದಿಗೂ ನೋಡಬಹುದು.

ಇಂಥ ಗುಡ್ಡವನ್ನು ಏರುವುದೆಂದರೆ ಮೆಟ್ಟಲುಗಳ ಮೇಲೆ ನಡೆದಂತಲ್ಲ. ಹಗ್ಗ ಗೂಟಗಳನ್ನು ಹಿಡಿದು ಕಡಿದಾದ ಗೋಡೆಯನ್ನು ಹತ್ತಿದಂತೆಯೂ ಅಲ್ಲ. ಇವೆರಡರ ನಡುವಣದು, ಕೈಗಳನ್ನೂ ಕಾಲುಗಳನ್ನೂ ಊರಿ ಏರುವ ಕ್ರಮ. ಕುರಿ ಮೇಕೆಗಳ ಹಿಂದೆ ತಿರುಗುವ ಹುಡುಗನು ಇದನ್ನು ಆಡುತ್ತಾಡುತ್ತಲೇ ಕಲಿಯುತ್ತಾನೆ. ಎರಡು ಕೈ ಎರಡು ಕಾಲುಗಳೆಂಬ ನಾಲ್ಕು ಆಧಾರಗಳಲ್ಲಿ ಮೂರು ಬಂಡೆಯನ್ನು ಬಿಡದಿರುವಾಗಲೇ ನಾಲ್ಕನೆಯದನ್ನು ಕದಲಿಸತಕ್ಕದ್ದು. ಚಕ್ಕೆಯನ್ನು ಹಿಡಿಯುವ ಮೊದಲು ತಟ್ಟಿ ನೋಡತಕ್ಕದ್ದು. ಟೊಳ್ಳು ದನಿ ಬಂದರೆ ಅದನ್ನು ನಂಬಲಾಗದು. ಹಾಸುಬಂಡೆಯ ಮೇಲೆ ಮೈಯನ್ನು ಕಲ್ಲಿಗೆ ಅಂಟಿಸಿಕೊಂಡಷ್ಟೂ ಕಾಲು ಜಾರುವುದು. ನೆಟ್ಟಗೆ ನಿಂತು ಅಂಗಾಲಿನ ಮೇಲೆ ಭಾರ ಬಿಟ್ಟರೆ ಕಲ್ಲೇ ಕಾಲನ್ನು ಹಿಡಿಯುವುದು. ಮಳೆಯ ನೀರಿಳಿದು ಕಪ್ಪುಗಟ್ಟಿದ ಪಟ್ಟಿಗಳು ಒಣಗಿದ್ದಾಗ ನಿರಪಾಯಕರವಾಗಿ ತೋರಿದರೂ, ನಾಲ್ಕು ಹನಿ ಬಿದ್ದ ಕೂಡಲೆ ಎಣ್ಣೆ ಸವರಿದಂತಾಗುವುವು. ಇವೆಲ್ಲಕ್ಕೂ ಮಿಗಿಲಾದ ನಿಯಮವೊಂದುಂಟು: ಇಳಿಯಲಾರದ ಎಡೆಯನ್ನು ಏರಬಾರದು. ಏರುವಾಗ ಕಣ್ಣು ಮುಂದಿರುವುದು. ಇಳಿಯುವಾಗ ಕಾಲು ಕುರುಡಾಗಿರುವುದು. ಅಪಾಯವು ಹೆಚ್ಚಾಗಿ ಇಳಿಯುವಲ್ಲಿಯೇ.

ದಾರಿ ಕಾಣುವ ವಿದ್ಯೆಯೂ ಇದರ ಒಡಹುಟ್ಟು. ಗುಂಡುಗಳ ನಡುವೆ ಹೊಕ್ಕವನಿಗೆ ಹತ್ತು ಮಾರು ದೂರದ ಊರೂ ಕಾಣದು. ಒಂದು ಸಂದಿಯು ಇನ್ನೊಂದರಂತೆಯೇ ಇರುವುದು. ಆದುದರಿಂದ ಬಲ್ಲವನು ಹೋಗುವಾಗ ಆಗಾಗ ಹಿಂದಿರುಗಿ ನೋಡುವನು. ಮರಳುವಾಗ ಗುಡ್ಡವು ತೋರುವ ಮುಖವೇ ಬೇರೆ. ಆ ಮುಖವನ್ನು ಮೊದಲೇ ಪರಿಚಯ ಮಾಡಿಕೊಳ್ಳದವನು ತಾನು ಬಂದ ದಾರಿಯನ್ನೇ ಗುರುತಿಸಲಾರ. ಸಂದೇಹದ ಎಡೆಯಲ್ಲಿ ಕಲ್ಲಿನ ಮೇಲೆ ಕಲ್ಲಿಟ್ಟು ಗುರುತು ಮಾಡುವ ರೂಢಿಯು ಬಹಳ ಹಳೆಯದು. ಹಳ್ಳದ ಹರಿವು ಇನ್ನೊಂದು ಗುರುತು. ಮಸ್ಕಿಯ ಹಳ್ಳವು ತುಂಗಭದ್ರೆಯನ್ನು ಸೇರುವುದು. ಲಿಂಗಸುಗೂರಿನ ಉತ್ತರದ ಹಳ್ಳಗಳು ಕೃಷ್ಣೆಯತ್ತ ಇಳಿಯುವುವು. ನೀರು ಯಾವ ಹೊಳೆಗೆ ಹೋಗುತ್ತಿದೆಯೆಂದು ತಿಳಿದವನಿಗೆ ತಾನು ಎಡೆದೊರೆಯ ಯಾವ ಮಗ್ಗುಲಲ್ಲಿರುವೆನೆಂಬುದು ತಿಳಿದಂತೆಯೇ ಸರಿ.

ಲೋಕರೂಢಿಯಲ್ಲಿದ್ದ ಈ ತಿಳಿವಳಿಕೆಗೆ ಶಾಸ್ತ್ರದ ಬೆಂಬಲವೂ ಇಲ್ಲದಿರಲಿಲ್ಲ. ಸೂರ್ಯಸಿದ್ಧಾಂತದ ತ್ರಿಪ್ರಶ್ನಾಧಿಕಾರದಲ್ಲಿ ದಿಕ್ಸಾಧನದ ಕ್ರಮವು ಹೇಳಲ್ಪಟ್ಟಿದೆ. ಸಮತಟ್ಟಾದ ನೆಲದ ಮೇಲೆ ವೃತ್ತವೊಂದನ್ನು ಬರೆದು, ಅದರ ಮಧ್ಯದಲ್ಲಿ ಶಂಕುವನ್ನು ನಿಲ್ಲಿಸಬೇಕು. ಬೆಳಗ್ಗೆ ನೆರಳಿನ ತುದಿಯು ವೃತ್ತವನ್ನು ಒಳಹೊಗುವ ಎಡೆಯನ್ನೂ ಮಧ್ಯಾಹ್ನಾನಂತರ ಹೊರಡುವ ಎಡೆಯನ್ನೂ ಗುರುತಿಸಿ, ಎರಡನ್ನೂ ಗೆರೆಯಿಂದ ಕೂಡಿಸಿದರೆ ಅದೇ ಪೂರ್ವಪಶ್ಚಿಮರೇಖೆ. ಆ ಬಿಂದುಗಳನ್ನೇ ಕೇಂದ್ರಗಳಾಗಿಟ್ಟು ಎರಡು ವೃತ್ತಗಳನ್ನೆಳೆಯಲು ನಡುವೆ ಮೀನಿನಾಕಾರವು ಹುಟ್ಟುವುದು. ಮೀನಿನ ಬಾಯಿ ಬಾಲಗಳನ್ನು ಕೂಡಿಸಿದ ಗೆರೆಯು ದಕ್ಷಿಣೋತ್ತರ. ಇದಕ್ಕೆ ಬೇಕಾದುದು ಒಂದು ಕೋಲು, ಒಂದು ದಾರ ಮತ್ತು ತಾಳ್ಮೆ. ಆದರೆ ನೆರಳನ್ನು ನೋಡುವವನು ಒಂದು ವಿಷಯದಲ್ಲಿ ಎಚ್ಚರವಾಗಿರಬೇಕು. ಮಸ್ಕಿಯು ಸುಮಾರು 16 ಅಂಶಗಳ ಉತ್ತರ ಅಕ್ಷಾಂಶದಲ್ಲಿದೆ. ಆದುದರಿಂದ ಮೇ ತಿಂಗಳ ಮೊದಲ ವಾರದಲ್ಲಿಯೂ ಆಗಸ್ಟ್ ತಿಂಗಳ ಎರಡನೆಯ ವಾರದಲ್ಲಿಯೂ ಸೂರ್ಯನು ಅಲ್ಲಿ ನಡುನೆತ್ತಿಗೆ ಬರುವನು. ಇವೆರಡರ ನಡುವಣ ದಿನಗಳಲ್ಲಿ ನಡುಹಗಲ ನೆರಳು ಉತ್ತರಕ್ಕಲ್ಲ, ದಕ್ಷಿಣಕ್ಕೆ ಬೀಳುವುದು. ಇದನ್ನರಿಯದವನು ಬೇಸಗೆಯ ಮಧ್ಯಾಹ್ನದಲ್ಲಿ ದಿಕ್ಕನ್ನು ತಿರುವುಮುರುವು ಮಾಡಿಕೊಳ್ಳುವನು. ಇರುಳಿನಲ್ಲಿ ಧ್ರುವನಕ್ಷತ್ರವು ಉತ್ತರ ದಿಗಂತದಿಂದ ಅಷ್ಟೇ 16 ಅಂಶಗಳ ಎತ್ತರದಲ್ಲಿ, ಎಂದರೆ ಚಾಚಿದ ತೋಳಿನ ಒಂದೂವರೆ ಮುಷ್ಟಿಯಷ್ಟು ಮೇಲೆ, ತೋರುವುದು. ಅಯನಚಲನದ ಕಾರಣದಿಂದ ಅಶೋಕನ ಕಾಲದಲ್ಲಿ ಈ ನಕ್ಷತ್ರವು ಧ್ರುವಸ್ಥಾನದಿಂದ ಬಹುದೂರವಿದ್ದಿತು. ಅಂದಿನವರಿಗೆ ಶಂಕುವೇ ಹೆಚ್ಚು ನಂಬುಗೆಯ ಗುರು.

ಈ ಸೀಮೆಯಲ್ಲಿ ಬಂಡೆಯೊಡನೆ ಮೊದಲು ಸೆಣಸಿದವರ ಪೈಕಿ ಚಿನ್ನದ ಗಣಿಗಾರರು ಗಣ್ಯರು. ಹಟ್ಟಿಯಲ್ಲಿ ಆಧುನಿಕ ಗಣಿಗಾರರು ನೆಲವನ್ನು ಅಗೆದಾಗ, ತಮಗಿಂತ ಸುಮಾರು 2000 ವರ್ಷಗಳ ಹಿಂದಿನವರು 600 ಅಡಿಗೂ ಆಳಕ್ಕೆ ಇಳಿದಿದ್ದರೆಂಬುದನ್ನು ಕಂಡು ಬೆರಗಾದರು. ಸಿಡಿಮದ್ದನ್ನು ಅರಿಯದ ಆ ಜನರು ಕಲ್ಲಿನ ಮೇಲೆ ಬೆಂಕಿ ಹಾಕಿ ಕಾಯಿಸಿ, ಅದು ಬಿರಿದ ಬಳಿಕ ಒಡೆದು ತೆಗೆಯುತ್ತಿದ್ದರು. ಅಷ್ಟು ಆಳದಿಂದ ಅದಿರನ್ನು ಹೊತ್ತು ಮೇಲೇರಿದ ಕೈಕಾಲುಗಳಿಗೆ ಎಂಥ ಶಿಕ್ಷಣವಿದ್ದಿರಬೇಕೆಂಬುದನ್ನು ವಾಚಕರೇ ಊಹಿಸಬಹುದು. ಗಣಿಯ ನೆಲೆಯನ್ನು ಹುಡುಕುವ ಕ್ರಮವನ್ನು ಕೌಟಿಲ್ಯನ ಅರ್ಥಶಾಸ್ತ್ರವು ಆಕರಾಧ್ಯಕ್ಷನ ಪ್ರಕರಣದಲ್ಲಿ ವಿವರಿಸುತ್ತದೆ. ಹಳೆಯ ಗಣಿಯನ್ನು ಅಲ್ಲಿ ಉಳಿದಿರುವ ಕಿಟ್ಟ, ಮೂಸೆ, ಇದ್ದಲು, ಬೂದಿಗಳಿಂದ ಗುರುತಿಸಬೇಕೆಂದೂ, ಹೊಸದನ್ನು ಕಲ್ಲುಮಣ್ಣುಗಳ ಬಣ್ಣ ತೂಕಗಳಿಂದ ಅರಿಯಬೇಕೆಂದೂ ಅದರ ಆಶಯ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಈ ಗ್ರಂಥದ ತಾಳೆಯೋಲೆಯನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದರು. ಅದಾದ ಆರು ವರ್ಷಗಳಲ್ಲಿಯೇ, ಇದೇ ಕ್ರಮದಿಂದ ಚಿನ್ನವನ್ನು ಹುಡುಕುತ್ತಿದ್ದವನೊಬ್ಬನು ಮೌರ್ಯಚರಿತ್ರೆಯ ಗಂಟನ್ನೇ ಬಿಡಿಸುವವನಿದ್ದನು.

ಅಶೋಕನ ಶಾಸನಗಳನ್ನು ಕೊರೆದವರೂ ಬೆಟ್ಟವನ್ನು ಬಲ್ಲವರೇ. ಕನ್ನಡನಾಡಿನಲ್ಲಿ ದೊರೆತಿರುವ ಅವನ ಶಾಸನಗಳ ನೆಲೆಗಳನ್ನು ನೋಡಿದರೆ ಇದು ವಿಶದವಾಗುವುದು. ಮೊಳಕಾಲ್ಮೂರಿನ ಜಟಿಂಗರಾಮೇಶ್ವರ ಬೆಟ್ಟದ ಶಾಸನವು ಮೇಲಣ ಬಂಡೆಯಲ್ಲಿದೆ. ಕೊಪ್ಪಳದ ಪಾಲ್ಕಿಗುಂಡಿನ ಶಾಸನವು ಪಲ್ಲಕ್ಕಿಯಂತೆ ನಿಂತ ಹಾಸುಗಲ್ಲಿನ ನೆರಳಿನಲ್ಲಿದೆ. ಮಸ್ಕಿಯದು ದುರ್ಗದ ಗುಡ್ಡದ ಮಗ್ಗುಲಿನ ಗವಿಯಂಥ ಎಡೆಯಲ್ಲಿದೆ. ದೂರದ ಪಾಟಲೀಪುತ್ರದ ಆಜ್ಞೆಯು ಸುವರ್ಣಗಿರಿಯೆಂಬ ದಕ್ಷಿಣದ ರಾಜಧಾನಿಗೆ ಬಂದು, ಅಲ್ಲಿಂದ ಊರೂರಿಗೆ ಹಂಚಲ್ಪಟ್ಟಿತು. ಆದರೆ ಯಾವ ಬಂಡೆಗೆ ಮಳೆಯ ನೀರು ಬೀಳದು, ಯಾವ ಕಲ್ಲು ಚಕ್ಕೆಯೇಳದು, ಯಾವ ಎಡೆಯಲ್ಲಿ ಜನರು ಕೂಡಬಲ್ಲರು ಎಂಬುದನ್ನು ನಿರ್ಣಯಿಸಿದವನು ಸ್ಥಳದ ಗುಡ್ಡವನ್ನು ತಿರುಗಿದವನೇ ಇರಬೇಕು. ಶಾಸನವು ಇಪ್ಪತ್ತಮೂರು ಶತಮಾನಗಳ ಕಾಲ ಉಳಿದುದೇ ಅವನ ಜಾಣ್ಮೆಗೆ ಸಾಕ್ಷಿ.

ಮಧ್ಯಯುಗದಲ್ಲಿ ಈ ವಿದ್ಯೆಯು ಕೋಟೆಗಳನ್ನು ಆಶ್ರಯಿಸಿತು. ಕೃಷ್ಣೆಯ ನಡುಗಡ್ಡೆಯ ಜಲದುರ್ಗ, ಮುದಗಲ್ಲು, ರಾಯಚೂರುಗಳಲ್ಲಿ ಹುಟ್ಟುಬಂಡೆಗಳೇ ಅರ್ಧ ಗೋಡೆಯಾಗಿವೆ. ರಾಯಚೂರಿನ ಕೋಟೆಯಲ್ಲಿ 41 ಅಡಿಗೂ ಉದ್ದವಾದ ಒಂದೇ ಕಲ್ಲುಂಟು. ಕಾಕತೀಯರ ಕಾಲದಲ್ಲಿ ಗೋರೆ ಗಂಗಯ್ಯರೆಡ್ಡಿಯ ಆಜ್ಞೆಯಂತೆ ವಿಠಲನಾಥನು ಕೋಟೆಯನ್ನು ಕಟ್ಟಿಸಿದುದನ್ನು ಅದರ ಮೇಲಣ 1294ರ ಶಾಸನವು ಹೇಳುತ್ತದೆ. ಅಂಥ ಕಲ್ಲನ್ನು ಬಂಡಿಯ ಮೇಲಿಟ್ಟು ಕೋಣಗಳ ಸಾಲಿನಿಂದ ಎಳೆಸಿ, ಹಿಂದಿನಿಂದ ಜನರು ಮೀಟುತ್ತಿರುವ ಚಿತ್ರವನ್ನೂ ಅಲ್ಲಿಯೇ ಗೀರಿಟ್ಟಿದ್ದಾರೆ. ಕೋಟೆಯನ್ನು ಕಟ್ಟುವವರು ಹೀಗಿರಲು, ಅದನ್ನು ಏರುವವರೂ ಹುಟ್ಟಿಕೊಂಡರು. ಮುಧೋಳ, ಸಂಡೂರು, ಗಜೇಂದ್ರಗಡಗಳ ಘೋರ್ಪಡೆ ಮನೆತನಗಳ ಹೆಸರು ಉಡದಿಂದ ಬಂದುದು. ಪೂರ್ವಜನೊಬ್ಬನು ಉಡಕ್ಕೆ ಹಗ್ಗ ಕಟ್ಟಿ ದುರ್ಗವನ್ನೇರಿದನೆಂಬ ಐತಿಹ್ಯವುಂಟು. ಉಡವು ಮನುಷ್ಯನ ಭಾರವನ್ನು ತಾಳೀತೇ ಎಂದು ತರ್ಕಿಸುವುದಕ್ಕಿಂತ, ಬಂಡೆಯನ್ನೇರಬಲ್ಲವನ ಕೌಶಲವು ಒಂದು ಬಿರುದಿಗೆ ಅರ್ಹವೆಂದು ಜನರು ಎಣಿಸಿದ್ದರೆಂಬುದನ್ನು ಗ್ರಹಿಸುವುದು ಮೇಲು.

ಹತ್ತೊಂಬತ್ತನೆಯ ಶತಮಾನದಲ್ಲಿ ಬೆಟ್ಟವನ್ನೇರುವವರ ಉದ್ದೇಶವು ಬದಲಾಯಿತು. ಕೋಟೆಗಾಗಿ ಏರಿದವರ ಬದಲು ಅಳತೆಗಾಗಿ ಏರುವವರು ಬಂದರು. ವಿಲಿಯಂ ಲ್ಯಾಂಬ್ಟನ್ನನು 1802ರಲ್ಲಿ ಮದರಾಸಿನ ಬಳಿ ಆಧಾರರೇಖೆಯನ್ನು ಅಳೆದು ಮಹಾ ತ್ರಿಕೋನಮಾಪನವನ್ನು ಆರಂಭಿಸಿದನು. 1804ರಲ್ಲಿ ಬೆಂಗಳೂರಿನಲ್ಲಿ ಇನ್ನೊಂದು ರೇಖೆಯನ್ನು ಅಳೆದನು. ಗುತ್ತಿಯನ್ನು ದಾಟಿ 1815ರ ಹೊತ್ತಿಗೆ ಬೀದರನ್ನು ಮುಟ್ಟಿದನು. ಒಂದು ರೇಖೆಯ ಉದ್ದವು ತಿಳಿದಿದ್ದು, ಅದರ ಎರಡು ತುದಿಗಳಿಂದ ಮೂರನೆಯ ಶಿಖರಕ್ಕೆ ಆಗುವ ಕೋನಗಳನ್ನು ಅಳೆದರೆ ಮಿಕ್ಕ ಬಾಹುಗಳ ಉದ್ದವು ಗಣಿತದಿಂದಲೇ ಸಿದ್ಧಿಸುವುದೆಂಬುದು ಇದರ ಮರ್ಮ. ಗಣಿತವು ಕಾಗದದ ಮೇಲೆ ಸುಲಭ. ಆದರೆ ಅರ್ಧ ಟನ್ನು ತೂಗುವ ಕೋನಮಾಪಕ ಯಂತ್ರವನ್ನು ಬೆಟ್ಟದ ನೆತ್ತಿಗೆ ಒಯ್ಯತಕ್ಕವರು ಯಾರು? 1808ರಲ್ಲಿ ತಂಜಾವೂರಿನ ಗುಡಿಯ ಗೋಪುರಕ್ಕೆ ಏರಿಸುವಾಗ ಹಗ್ಗವು ಹರಿದು ಅದೇ ಯಂತ್ರವು ಜಖಂಗೊಂಡಿತು. ಅದನ್ನು ಹೊತ್ತವರ, ಮುಂದಾಗಿ ಹೋಗಿ ಶಿಖರದಲ್ಲಿ ನಿಶಾನೆಯನ್ನು ನಿಲ್ಲಿಸಿದವರ, ಏರುವ ದಾರಿಯನ್ನು ತೋರಿಸಿದ ಹಳ್ಳಿಗರ ಹೆಸರುಗಳು ಭೂಪಟದಲ್ಲಿಲ್ಲ. ಅವರ ನಡಿಗೆಯೇ ಭೂಪಟವಾಗಿದೆ.

ಅಳತೆಗಾರರ ತರುವಾಯ ಶಿಲಾಶಾಸ್ತ್ರಜ್ಞರು ಬಂದರು. ರಾಬರ್ಟ್ ಬ್ರೂಸ್ ಫೂಟ್ ಎಂಬಾತನು 1858ರಲ್ಲಿ ಭೂಗರ್ಭಪರಿಶೋಧನ ಇಲಾಖೆಯನ್ನು ಸೇರಿ, 1863ರಲ್ಲಿ ಪಲ್ಲಾವರದ ಬಳಿ ಹಳೆಶಿಲಾಯುಗದ ಆಯುಧವನ್ನು ಕಂಡು ಪ್ರಸಿದ್ಧನಾದನು. ಧಾರವಾಡ ಶಿಲಾಸಮೂಹಕ್ಕೆ ಆ ಹೆಸರಿಟ್ಟವನೂ ಅವನೇ. ಅವನು 1870ರಲ್ಲಿಯೂ 1888ರಲ್ಲಿಯೂ ಮಸ್ಕಿಗೆ ಬಂದು ಪ್ರಾಚೀನ ಜನವಸತಿಯ ಅವಶೇಷಗಳನ್ನು ಸಂಗ್ರಹಿಸಿದನು. ಇಲ್ಲಿ ಚಿಂತನೀಯವಾದ ಒಂದಂಶವುಂಟು. ಕಲ್ಲಿನ ಕೊಡಲಿಯನ್ನು ದೂರದಿಂದಲೇ ಗುರುತಿಸಬಲ್ಲ ಆ ಸೂಕ್ಷ್ಮದೃಷ್ಟಿಯು ಎರಡು ಸಲ ಬಂದರೂ ಗುಡ್ಡದ ಮಗ್ಗುಲಿನ ಅಕ್ಷರಗಳು ಅದಕ್ಕೆ ಗೋಚರಿಸಲಿಲ್ಲ. ಬೆಟ್ಟವು ದೊಡ್ಡದು, ಒಬ್ಬನು ಅದರ ಎಲ್ಲ ಸಂದಿಗಳನ್ನೂ ನೋಡಲಾರನು. ಅಲ್ಲಿ ದನಕರುಗಳ ಹಿಂದೆ ದಿನವೂ ತಿರುಗುತ್ತಿದ್ದವರು ಆ ಗೀರುಗಳನ್ನು ಕಂಡೇ ಇದ್ದಿರಬೇಕು. ಆದರೆ ಅವರನ್ನು ಕೇಳಿದವರಿಲ್ಲ, ಕೇಳದೆ ಅವರು ಹೇಳುವ ಪ್ರಸಂಗವೂ ಇರಲಿಲ್ಲ. ಓದಬಲ್ಲವರು ಬೆಟ್ಟವನ್ನು ಏರಲಿಲ್ಲ. ಏರಬಲ್ಲವರಿಗೆ ಓದು ಬರಲಿಲ್ಲ. ಈ ಎರಡರ ನಡುವಣ ಅಗಲವೇ ಶಾಸನವನ್ನು ಅಷ್ಟು ಕಾಲ ಮರೆಮಾಡಿತ್ತೆಂದರೆ ತಪ್ಪಾಗದು.

1915ರ ಜನವರಿಯಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರನು ಚಿನ್ನದ ನೆಲೆಗಳನ್ನು ಅರಸುತ್ತ ಮಸ್ಕಿಯ ಗುಡ್ಡದಲ್ಲಿ ಈ ಅಕ್ಷರಗಳನ್ನು ಕಂಡನು. ನಿಜಾಮರ ಸಂಸ್ಥಾನದಲ್ಲಿ ಪ್ರಾಚ್ಯವಸ್ತು ಇಲಾಖೆಯು ಸ್ಥಾಪಿತವಾಗಿ ಆಗಿನ್ನೂ ಒಂದು ವರ್ಷವಷ್ಟೇ ಆಗಿತ್ತು. ಹೊಸಕೋಟೆ ಕೃಷ್ಣಶಾಸ್ತ್ರಿಗಳು ಶಾಸನವನ್ನು ಓದಿ ಅದೇ ವರ್ಷ ಪ್ರಕಟಿಸಿದರು. ಅದು ಆ ಇಲಾಖೆಯ ಗ್ರಂಥಮಾಲೆಯ ಮೊದಲನೆಯ ಪುಸ್ತಕವಾಯಿತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ಪನು ಬ್ರಾಹ್ಮೀಲಿಪಿಯನ್ನು ಬಿಡಿಸಿದಂದಿನಿಂದ, ಶಾಸನಗಳ ದೇವಾನಾಂಪ್ರಿಯ ಪ್ರಿಯದರ್ಶಿ ಯಾರೆಂಬ ಪ್ರಶ್ನೆಯಿತ್ತು. ಅವನೇ ಅಶೋಕನೆಂದು ಸಿಂಹಳದ ಗ್ರಂಥಗಳ ಆಧಾರದಿಂದ ಜಾರ್ಜ್ ಟರ್ನರನು ತೋರಿಸಿದ್ದನು. ಆದರೆ ಅದುವರೆಗೆ ದೊರೆತ ಯಾವ ಶಾಸನದಲ್ಲಿಯೂ ಅಶೋಕನೆಂಬ ಹೆಸರೇ ಇರಲಿಲ್ಲ. ಮಸ್ಕಿಯ ಬಂಡೆಯಲ್ಲಿ ದೇವಾನಾಂಪ್ರಿಯನೆಂಬ ಬಿರುದಿನೊಡನೆ ಆ ಹೆಸರು ನೇರವಾಗಿ ಕೊರೆಯಲ್ಪಟ್ಟಿತ್ತು. ಸುಮಾರು ಎಂಬತ್ತು ವರ್ಷಗಳ ಊಹೆಯು ಒಂದು ಬೆಳಗಿನಲ್ಲಿ ನಿಶ್ಚಯವಾಯಿತು. ಚಿನ್ನವನ್ನು ಹುಡುಕಲು ಹೊರಟವನಿಗೆ ಚಿನ್ನಕ್ಕಿಂತ ಹೆಚ್ಚಿನದು ಸಿಕ್ಕಿತು. ಏರಿದ ಕಾಲಿಗೆ ಓದುವ ಕಣ್ಣು ಜೊತೆಗೂಡಿದುದರಿಂದ ಅದು ದೇಶದ ಸೊತ್ತಾಯಿತು.

ಇದಾದ ಮೇಲೆ ಗುಡ್ಡಗಳು ತಮ್ಮಲ್ಲಿದ್ದುದನ್ನು ಒಂದೊಂದಾಗಿ ತೋರಿದುವು. 1931ರಲ್ಲಿ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳ ಶಾಸನಗಳು ಬೆಳಕಿಗೆ ಬಂದುವು. ಮಸ್ಕಿಯಲ್ಲಿ 1954ರಲ್ಲಿ ಬಿ. ಕೆ. ಥಾಪರರು ಉತ್ಖನನ ನಡೆಸಿದರು. ಮುದಗಲ್ಲಿನ ಸಮೀಪದ ಪಿಕ್ಲಿಹಾಳದಲ್ಲಿ ಎಫ್. ಆರ್. ಆಲ್ಚಿನ್ನರು ಉತ್ಖನನ ಮಾಡಿ 1960ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ನವಶಿಲಾಯುಗದ ದನಗಾಹಿಗಳ ನೆಲೆಯಾಗಿದ್ದ ಆ ಗುಡ್ಡಗಳ ಬಂಡೆಗಳ ಮೇಲೆ ಹೋರಿಗಳನ್ನು ಕುಟ್ಟಿ ಮೂಡಿಸಿದ ಚಿತ್ರಗಳೂ ಬಣ್ಣದ ಚಿತ್ರಗಳೂ ಇವೆ. ಅವುಗಳಲ್ಲಿ ಅನೇಕವು ಕೈಯೂರಿ ಏರಿದವರಿಗಲ್ಲದೆ ಕಾಣತಕ್ಕವಲ್ಲ. ಹಟ್ಟಿಯಲ್ಲಿ 1947ರಲ್ಲಿ ಗಣಿಯ ಕೆಲಸವು ಮರಳಿ ಕೈಗೊಳ್ಳಲ್ಪಟ್ಟು ಇಂದಿಗೂ ನಡೆಯುತ್ತಿದೆ. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದ ತರುವಾಯ ಅದರ ಮಹತ್ತ್ವವು ಇನ್ನೂ ಹೆಚ್ಚಿತು.

ಇನ್ನು ಈ ವಿದ್ಯೆಯ ಇಂದಿನ ಸ್ಥಿತಿಯನ್ನು ನೋಡಬೇಕು. ತೇನ್‌ಸಿಂಗನು ಎವರೆಸ್ಟನ್ನೇರಿದ ಮರುವರ್ಷ, 1954ರಲ್ಲಿ, ಡಾರ್ಜಿಲಿಂಗಿನಲ್ಲಿ ಪರ್ವತಾರೋಹಣದ ವಿದ್ಯಾಲಯವು ಸ್ಥಾಪಿತವಾಯಿತು. ಕರ್ನಾಟಕದಲ್ಲಿಯೂ ಜನರಲ್ ತಿಮ್ಮಯ್ಯನವರ ಹೆಸರಿನ ಸಾಹಸ ಅಕಾಡೆಮಿಯುಂಟು. ರಾಮನಗರದ ಕಣಶಿಲೆಯ ಮೇಲೆಯೂ ಬಾದಾಮಿಯ ಮರಳುಗಲ್ಲಿನ ಮೇಲೆಯೂ ತರುಣರು ಹಗ್ಗ ಹಿಡಿದು ಅಭ್ಯಾಸ ಮಾಡುತ್ತಾರೆ. ಹಂಪೆ ಆನೆಗೊಂದಿಗಳ ಗುಂಡುಗಳನ್ನು ಏರಲು ದೇಶಾಂತರಗಳಿಂದ ಜನರು ಬರುತ್ತಾರೆ. ಹಿಂದೆ ಕುರಿಗಾಹಿಯು ಹೊಟ್ಟೆಯ ಪಾಡಿಗಾಗಿ ಕಲಿತುದನ್ನು ಇಂದು ಗುರುಮುಖದಿಂದ ಕ್ರಮವಾಗಿ ಕಲಿಸಲಾಗುತ್ತಿದೆಯೆಂಬುದು ಸಂತೋಷದ ಸಂಗತಿ. ಆದರೆ ಆ ಸೀಮೆಯ ಗುಡ್ಡದ ಬುಡದಲ್ಲಿ ಹುಟ್ಟಿದ ಮಕ್ಕಳಲ್ಲಿ ಎಷ್ಟು ಮಂದಿ ಅದರ ನೆತ್ತಿಯಿಂದ ತಮ್ಮ ಊರನ್ನು ಕಂಡಿದ್ದಾರೆ? ಕೈಯೊಳಗಿನ ದೂರವಾಣಿಯು ದಾರಿಯನ್ನು ತೋರುವ ಕಾಲದಲ್ಲಿ, ನೆರಳನ್ನು ನೋಡಿ ದಿಕ್ಕನ್ನು ಹೇಳುವ ವಿದ್ಯಾರ್ಥಿಯು ಅಪರೂಪನಾಗಿದ್ದಾನೆ.

ಇದು ಬರಿಯ ಹಳೆಯದರ ಮೇಲಣ ಮೋಹದ ಮಾತಲ್ಲ. ಕಣಶಿಲೆಯ ಗುಡ್ಡಗಳು ಕಟ್ಟಡದ ಕಲ್ಲಾಗಿ, ಜಲ್ಲಿಯಾಗಿ ಕರಗುತ್ತಿವೆ. ಹಳೆಯ ಅಕ್ಷರವನ್ನು ಕಂಡಲ್ಲಿ ನಿಧಿಯಿದೆಯೆಂದು ಬಗೆದು ಬಂಡೆಯನ್ನು ಒಡೆಯುವ ದುರಾಶೆಯು ನಾಡಿನಲ್ಲಿ ಇನ್ನೂ ಅಳಿದಿಲ್ಲ. ಯಾವ ಗುಡ್ಡದಲ್ಲಿ ಏನಿದೆಯೆಂಬುದನ್ನು ಏರಿ ನೋಡಿದವರೇ ಇಲ್ಲದಿದ್ದರೆ, ಅದು ಹೋದಾಗ ಏನು ಹೋಯಿತೆಂದು ಹೇಳುವವರೂ ಇರುವುದಿಲ್ಲ. ನೂರು ವರ್ಷಗಳ ಹಿಂದೆ ಮಸ್ಕಿಯ ಆ ಒಂದು ಬಂಡೆಯು ಕಲ್ಲುಕುಟಿಗನ ಕೈಗೆ ಸಿಕ್ಕಿದ್ದರೆ ಅಶೋಕನ ಹೆಸರಿನ ಆ ಸಾಕ್ಷ್ಯವು ಯಾರಿಗೂ ತಿಳಿಯದಂತೆ ಯಾವುದೋ ಗೋಡೆಯನ್ನು ಸೇರುತ್ತಿತ್ತು. ಪಾಠಶಾಲೆಯ ಗುರುಗಳು ವರ್ಷಕ್ಕೊಮ್ಮೆ ಚಳಿಗಾಲದ ಬೆಳಗಿನಲ್ಲಿ, ಗುಡ್ಡವನ್ನು ಬಲ್ಲ ಹಿರಿಯನೊಬ್ಬನನ್ನು ಜೊತೆಗಿಟ್ಟುಕೊಂಡು, ಮಕ್ಕಳನ್ನು ಸಮೀಪದ ಗುಡ್ಡಕ್ಕೆ ಕರೆದೊಯ್ದು, ಏರುವ ಇಳಿಯುವ ಕ್ರಮವನ್ನೂ ಶಂಕುವಿನಿಂದ ದಿಕ್ಕನ್ನು ಸಾಧಿಸುವ ಕ್ರಮವನ್ನೂ ಕಲಿಸಿದರೆ, ಅದು ಚರಿತ್ರೆಯ ಪಾಠವೂ ಆಗುವುದು, ಭೂಗೋಲದ ಪಾಠವೂ ಆಗುವುದು. ಆ ಹಿರಿಯನು ನಿರಕ್ಷರನಾಗಿದ್ದರೂ ಅಂದಿನ ಮಟ್ಟಿಗೆ ಅವನೇ ಆಚಾರ್ಯ.

ಮಸ್ಕಿಯ ಶಾಸನದ ತಾತ್ಪರ್ಯವೂ ಇದಕ್ಕೆ ಅನುಗುಣವಾಗಿದೆ. ಧರ್ಮದಲ್ಲಿ ತೊಡಗಿದವನಿಗೆ, ಅವನು ಅಲ್ಪನಾಗಿದ್ದರೂ, ಈ ಫಲವು ದೊರಕಬಲ್ಲದು. ದೊಡ್ಡವರಿಗೆ ಮಾತ್ರವೇ ದೊರಕುವುದೆಂದು ತಿಳಿಯಬಾರದು. ಈ ಮಾತನ್ನು ಚಿಕ್ಕವರಿಗೂ ದೊಡ್ಡವರಿಗೂ ಹೇಳತಕ್ಕದ್ದು ಎಂದು ಆ ಸಾರ್ವಭೌಮನು ಬಂಡೆಯ ಮೇಲೆ ಬರೆಸಿದನು. ಆ ಬಂಡೆಯವರೆಗೆ ಹೋಗುವ ದಾರಿಯನ್ನು ಮೊದಲು ಬಲ್ಲವರು ಚಿಕ್ಕವರೇ; ಅದರ ಮೇಲಣ ಬರೆಹವನ್ನು ಕಡೆಗೆ ಬಲ್ಲವರು ದೊಡ್ಡವರು. ಇಬ್ಬರೂ ಒಟ್ಟಿಗೆ ಏರುವ ದಿನವು ಬಂದರೆ ಎಡೆದೊರೆಯ ಗುಡ್ಡಗಳಲ್ಲಿ ಕಾಣತಕ್ಕದ್ದು ಇನ್ನೂ ಬಹಳವಿದೆ.